ಕಲ್ಲಿನಿಂದ ಮುಖಕ್ಕೆ: ವಿಜಯಪುರ ಸೀಮೆಯ ಛಾಯಾಚಿತ್ರ ಕಲೆ

ವಿಜಯಪುರ ಸೀಮೆಯಲ್ಲಿ ತೆಗೆದ ಛಾಯಾಚಿತ್ರಗಳ ಮೊದಲ ದೊಡ್ಡ ಸಂಗ್ರಹ 1855ರದು. ಮುಂಬಯಿ ತೋಪುದಳದ ಕ್ಯಾಪ್ಟನ್ ಥಾಮಸ್ ಬಿಗ್ಸ್ ಅವರನ್ನು ಈಸ್ಟ್ ಇಂಡಿಯಾ ಕಂಪನಿ ಆ ವರ್ಷ ಮುಂಬಯಿ ಪ್ರಾಂತದ ಸರ್ಕಾರಿ ಛಾಯಾಗ್ರಾಹಕರನ್ನಾಗಿ ನೇಮಿಸಿತು. ವಿಜಯಪುರ, ಬಾದಾಮಿ, ಐಹೊಳೆ ಮೊದಲಾದ ಊರುಗಳ ಹಳೆಯ ಕಟ್ಟಡಗಳ ಚಿತ್ರ ತೆಗೆದು ತರುವುದು ಅವರಿಗೆ ಒಪ್ಪಿಸಿದ ಕೆಲಸ. ವರ್ಷ ಮುಗಿಯುವಷ್ಟರಲ್ಲಿ ಸುಮಾರು ನೂರು ಕಾಗದದ ನೆಗೆಟಿವ್‌ಗಳು ಸಿದ್ಧವಾಗಿದ್ದವು. ಡಿಸೆಂಬರಿನಲ್ಲಿ ಸೈನ್ಯ ಅವರನ್ನು ಹಿಂದಕ್ಕೆ ಕರೆಸಿಕೊಂಡಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳನ್ನು ಒಳಗೊಂಡ ಈ ನಾಡಿನಲ್ಲಿ ಛಾಯಾಚಿತ್ರ ಒಂದು ಕಲೆಯಾಗಿ ಬೆಳೆದ ಕಥೆ ಆ ಕಾಗದಗಳಿಂದ ಶುರುವಾಗುತ್ತದೆ. ಆ ಕಥೆಯಲ್ಲಿ ಯಂತ್ರ ಬದಲಾದದ್ದು ಸಣ್ಣ ವಿಷಯ. ಕ್ಯಾಮೆರಾದ ಮುಂದೆ ನಿಂತವರು ಯಾರು, ಅದರ ಹಿಂದೆ ನಿಂತು ತೀರ್ಮಾನ ಮಾಡಿದವರು ಯಾರು, ಯಾರ ಹೆಸರು ಉಳಿಯಿತು, ಯಾರದು ಅಳಿಯಿತು ಎಂಬುದೇ ದೊಡ್ಡ ವಿಷಯ.

ಕ್ಯಾಮೆರಾಕ್ಕಿಂತ ಮೊದಲು ಇಲ್ಲಿಗೆ ಬಂದದ್ದು ಪೆನ್ಸಿಲು. 1848ರಲ್ಲಿ ಸಾತಾರಾ ಸಂಸ್ಥಾನ ಬ್ರಿಟಿಷರ ವಶವಾದಾಗ ಅದರ ಜತೆಗೆ ವಿಜಯಪುರವೂ ಅವರ ಕೈಗೆ ಬಂತು. ಆಗ ಸಾತಾರಾದ ಆಡಳಿತ ನೋಡುತ್ತಿದ್ದ ಬಾರ್ಟಲ್ ಫ್ರಿಯರ್ ಆದಿಲಶಾಹಿ ಕಟ್ಟಡಗಳ ಅಳತೆ ಮಾಡಿಸಿ ನಕ್ಷೆ ಬರೆಸಲು ಮುಂದಾದರು. ಕ್ಯಾಪ್ಟನ್ ಪಿ. ಡಿ. ಹಾರ್ಟ್ ಮತ್ತು ಎ. ಕಮ್ಮಿಂಗ್ ಎಂಬ ಎಂಜಿನಿಯರುಗಳ ಕೈಕೆಳಗೆ ಇಲ್ಲಿನ ನಕ್ಷೆಗಾರರು ಗೋಳಗುಮ್ಮಟ, ಇಬ್ರಾಹಿಂ ರೋಜಾ, ಜುಮ್ಮಾ ಮಸೀದಿಗಳ ಕಂಬ, ಕಮಾನು, ಜಾಲಂದ್ರಗಳನ್ನು ಒಂದೊಂದಾಗಿ ಅಳೆದು ಬರೆದರು. ಆ ಚಿತ್ರಗಳು 1859ರಲ್ಲಿ ಜೇಮ್ಸ್ ಫರ್ಗ್ಯುಸನ್ ಅವರ ಸಂಪಾದಕತ್ವದಲ್ಲಿ ಲಂಡನ್ನಿನಿಂದ ಪುಸ್ತಕವಾಗಿ ಹೊರಬಂದವು. ಗೆರೆಗಳ ನಿಖರತೆಯಲ್ಲಿ ಅವು ಇಂದಿಗೂ ಬೆರಗು ಹುಟ್ಟಿಸುತ್ತವೆ.

ಆದರೆ ಬರೆಯುವ ಕೆಲಸ ನಿಧಾನ, ಖರ್ಚು ಹೆಚ್ಚು. ಅಜಂತಾದಲ್ಲಿ ರಾಬರ್ಟ್ ಗಿಲ್ ಎಂಬ ಸೈನ್ಯಾಧಿಕಾರಿ 1844ರಿಂದ ಗುಹೆಯ ವರ್ಣಚಿತ್ರಗಳ ನಕಲು ತೆಗೆಯುತ್ತ ಕೂತಿದ್ದರು. ವರ್ಷಗಳು ಉರುಳಿದರೂ ಅದು ಮುಗಿಯುವ ಲಕ್ಷಣ ಕಾಣಲಿಲ್ಲ. (ಹಾಗೆ ಪಟ್ಟುಹಿಡಿದು ಬರೆದ ಚಿತ್ರಗಳಲ್ಲಿ ಬಹುಪಾಲು 1866ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಬೆಂಕಿಯಲ್ಲಿ ಸುಟ್ಟುಹೋದದ್ದು ಕಲಾ ಇತಿಹಾಸದ ದೊಡ್ಡ ನೋವುಗಳಲ್ಲಿ ಒಂದು.) ಕಂಪನಿಯ ನಿರ್ದೇಶಕರು ಲೆಕ್ಕ ಹಾಕಿ ನೋಡಿದರು: ಕ್ಯಾಮೆರಾ ಬೇಗ ಕೆಲಸ ಮಾಡುತ್ತದೆ, ಅಗ್ಗಕ್ಕೂ ಆಗುತ್ತದೆ. 1854ರಲ್ಲಿ ಮುಂಬಯಿಯಲ್ಲಿ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿಕೊಂಡಿದ್ದರಿಂದ ಕೈಪಳಗಿದ ಹವ್ಯಾಸಿಗಳೂ ಸಿಕ್ಕರು. ಹೀಗೆ ಹಣ ಉಳಿಸುವ ಆಲೋಚನೆಯಿಂದ ಬಂದ ಕ್ಯಾಮೆರಾ, ಈ ನೆಲದ ಬಿಸಿಲಿಗೆ ಬಿದ್ದಕೂಡಲೇ ಬೇರೆಯೇ ಕೆಲಸ ಮಾಡಿತು.

ಬಿಗ್ಸ್ ಅವರ ಕೆಲಸ ಅರ್ಥವಾಗಬೇಕಾದರೆ ಅವರ ಸಲಕರಣೆ ಅರ್ಥವಾಗಬೇಕು. ಇಂಗ್ಲೆಂಡಿನ ಫಾಕ್ಸ್ ಟಾಲ್ಬಟ್ 1841ರಲ್ಲಿ ಪೇಟೆಂಟ್ ಪಡೆದ ಕ್ಯಾಲೊಟೈಪ್ ಪದ್ಧತಿಯಲ್ಲಿ ನೆಗೆಟಿವ್ ಎಂದರೆ ಒಂದು ಹಾಳೆ ಒಳ್ಳೆಯ ಬರವಣಿಗೆಯ ಕಾಗದ. ಅದಕ್ಕೆ ಬೆಳ್ಳಿಯ ಲವಣ ಲೇಪಿಸಿ, ಕತ್ತಲಲ್ಲಿ ಒಣಗಿಸಿ, ಮರದ ದೊಡ್ಡ ಪೆಟ್ಟಿಗೆಯಂಥ ಕ್ಯಾಮೆರಾದೊಳಗೆ ಇಡಬೇಕು. ಮಸೂರದ ಮುಚ್ಚಳ ತೆಗೆದು ನಿಮಿಷಗಟ್ಟಲೆ ಕಾಯಬೇಕು. ಆಮೇಲೆ ಗ್ಯಾಲಿಕ್ ಆಮ್ಲದಲ್ಲಿ ಅದ್ದಿದಾಗ ಚಿತ್ರ ಮೆಲ್ಲಗೆ ಮೂಡುತ್ತದೆ. ಹೈಪೋದಲ್ಲಿ ತೊಳೆದು ನಿಲ್ಲಿಸಿ, ಕಾಗದಕ್ಕೆ ಮೇಣ ಸವರಿ, ಬಿಸಿ ಇಸ್ತ್ರಿ ಒತ್ತಿ ಪಾರದರ್ಶಕ ಮಾಡಬೇಕು. ಬಿಗ್ಸ್ ಕೆಲಸಕ್ಕಿಳಿಯುವ ಮೊದಲೇ, 1851ರಲ್ಲಿ, ಗಾಜಿನ ಮೇಲೆ ಕಲೋಡಿಯನ್ ಸುರಿದು ಮಾಡುವ ಹಸಿ ಫಲಕದ ಪದ್ಧತಿ ಬಂದಿತ್ತು. ಅದರಲ್ಲಿ ವಿವರ ಹೆಚ್ಚು ಚೊಕ್ಕ. ಆದರೆ ಫಲಕ ಒಣಗುವ ಮುನ್ನವೇ ಚಿತ್ರ ತೆಗೆದು ತೊಳೆಯಬೇಕು. ವಿಜಯಪುರದ ಬೇಸಗೆಯಲ್ಲಿ ಆ ಫಲಕ ಒಣಗಲು ಹೆಚ್ಚು ಹೊತ್ತು ಬೇಡ. ಡೇರೆಯಲ್ಲಿ ಕತ್ತಲೆ ಕೋಣೆ ಕಟ್ಟಿಕೊಂಡು, ಶುದ್ಧ ನೀರು ಹುಡುಕುತ್ತ ತಿರುಗುವವನಿಗೆ ಕಾಗದವೇ ಅನುಕೂಲ. ಅದು ಹಗುರ, ಒಡೆಯುವುದಿಲ್ಲ, ಮೇಣದ ಕಾಗದವನ್ನು ಮೊದಲೇ ಸಿದ್ಧ ಮಾಡಿಟ್ಟುಕೊಳ್ಳಬಹುದು.

ಈ ಕಾಗದದ ಕೊರತೆಗಳೇ ಆ ಚಿತ್ರಗಳ ಸೊಗಸೂ ಹೌದು. ಕಾಗದದ ನಾರು ಚಿತ್ರದೊಳಗೆ ಇಳಿದು ಕಲ್ಲಿನ ಮೈಗೆ ಒಂದು ಮೃದುವಾದ ಒರಟುತನ ಕೊಡುತ್ತದೆ. ಆ ಕಾಲದ ಬೆಳ್ಳಿ ಲವಣ ನೀಲಿ ಬೆಳಕಿಗೆ ಬಹಳ ಬೇಗ ಸ್ಪಂದಿಸುತ್ತಿತ್ತು. ಆದ್ದರಿಂದ ಆಕಾಶ ಮೋಡವಿಲ್ಲದ ಬಿಳಿಯ ಬಯಲಾಗಿ, ಗುಮ್ಮಟದ ಅಂಚು ಅದರ ಮುಂದೆ ಕತ್ತರಿಸಿ ಇಟ್ಟಂತೆ ಎದ್ದು ಕಾಣುತ್ತಿತ್ತು. ನಿಮಿಷಗಟ್ಟಲೆ ತೆರೆದಿಟ್ಟ ಮಸೂರದ ಮುಂದೆ ನಡೆದಾಡಿದವರು ಯಾರೂ ದಾಖಲಾಗುವುದಿಲ್ಲ. ನಿಶ್ಚಲವಾಗಿ ನಿಂತವರು ಮಾತ್ರ ಉಳಿಯುತ್ತಾರೆ. ಅಂಗಡಿಯವರು, ಎತ್ತಿನ ಬಂಡಿ, ದನಕರು ಓಡಾಡುತ್ತಿದ್ದ ಊರು ಚಿತ್ರದಲ್ಲಿ ಜನರಿಲ್ಲದ ಹಾಳುಪಟ್ಟಣವಾಗಿ ಕಾಣುವುದಕ್ಕೆ ಇದೂ ಒಂದು ಕಾರಣ.

ಗೋಳಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ಅಂಥ ಕಟ್ಟಡವನ್ನು ಒಂದೇ ಚೌಕಟ್ಟಿನಲ್ಲಿ ಹಿಡಿಯಲು ಎಲ್ಲಿ ನಿಲ್ಲಬೇಕು, ಯಾವ ಹೊತ್ತಿನ ಬಿಸಿಲಿಗೆ ಕಾಯಬೇಕು ಎಂಬುದನ್ನು ಯಂತ್ರ ಹೇಳಿಕೊಡುವುದಿಲ್ಲ. ನೆತ್ತಿಯ ಮೇಲಿನ ಸೂರ್ಯ ಕಟ್ಟಡವನ್ನು ಚಪ್ಪಟೆ ಮಾಡುತ್ತಾನೆ; ಮುಂಜಾನೆ, ಇಳಿಹೊತ್ತಿನ ಓರೆಬೆಳಕು ಕಮಾನಿನ ಕೆಳಗೆ, ಸಜ್ಜೆಯ ಕೆಳಗೆ, ಮಿನಾರಿನ ಒಂದು ಬದಿಗೆ ನೆರಳು ತುಂಬಿ ಆಳ ತೋರಿಸುತ್ತದೆ. ಇಬ್ರಾಹಿಂ ರೋಜಾದ ಹೊರಪಡಸಾಲೆಯ ಕಲ್ಲಿನಲ್ಲಿ ಕೊರೆದ ಅಕ್ಷರಗಳು ಓರೆಬೆಳಕಿಲ್ಲದೆ ಓದಲು ಬಾರವು. ಛಾಯಾಗ್ರಾಹಕನ ಕಲೆ ನೆಲೆಸಿರುವುದು ಈ ಕಾಯುವಿಕೆಯಲ್ಲಿ, ನಿಲ್ಲುವ ಜಾಗದ ಆಯ್ಕೆಯಲ್ಲಿ. ಕಂಪನಿ ಕೇಳಿದ್ದು ದಾಖಲೆ. ಬಿಗ್ಸ್ ಕೊಟ್ಟದ್ದು ಅದಕ್ಕಿಂತ ಹೆಚ್ಚಿನದು. ಅವರ ನಂತರ ಅದೇ ಹುದ್ದೆಗೆ ಬಂದ ವೈದ್ಯ ವಿಲಿಯಂ ಹೆನ್ರಿ ಪಿಗೂ, ಆಮೇಲೆ ಎ. ಸಿ. ಬಿ. ನೀಲ್ ಈ ಕೆಲಸವನ್ನು ಧಾರವಾಡ, ಮೈಸೂರು ಸೀಮೆಗಳಿಗೆ ವಿಸ್ತರಿಸಿದರು.

ಈ ಚಿತ್ರಗಳು ಪುಸ್ತಕವಾದದ್ದು 1866ರಲ್ಲಿ. ಲಂಡನ್ನಿನ ಜಾನ್ ಮರ್ರೆ ಪ್ರಕಟಿಸಿದ ‘ಆರ್ಕಿಟೆಕ್ಚರ್ ಅಟ್ ಬೀಜಾಪೂರ್’ ಎಂಬ ಆ ದೊಡ್ಡ ಗಾತ್ರದ ಗ್ರಂಥದಲ್ಲಿ ಬಿಗ್ಸ್ ಮತ್ತು ಮೇಜರ್ ಲಾಕ್ ಸ್ಥಳದಲ್ಲೇ ತೆಗೆದ ಚಿತ್ರಗಳ ಜತೆಗೆ ಹಾರ್ಟ್ ತಂಡದ ನಕ್ಷೆಗಳ ಛಾಯಾಪ್ರತಿಗಳೂ ಇವೆ. ಇತಿಹಾಸದ ಭಾಗ ಬರೆದವರು ಮುದ್ದೇಬಿಹಾಳಕ್ಕೆ ಹತ್ತಿರದ ಸುರಪುರದಲ್ಲಿ ಆಡಳಿತ ನಡೆಸಿದ್ದ ಮೆಡೋಸ್ ಟೇಲರ್. ವಾಸ್ತುಶಿಲ್ಪದ ಟಿಪ್ಪಣಿ ಫರ್ಗ್ಯುಸನ್ ಅವರದು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಹತ್ತಿಯ ಬೆಲೆ ಏರಿ ಮುಂಬಯಿಗೆ ಹಣ ಹರಿದುಬಂದಿತ್ತು. ಈ ಮಾಲೆಯ ಗ್ರಂಥಗಳ ಖರ್ಚನ್ನು ಅಲ್ಲಿನ ವರ್ತಕರು ಹೊತ್ತರು. ಗ್ರಂಥದ ಮುಖಪುಟದಲ್ಲಿ ಅಧಿಕಾರಿಗಳ ಹೆಸರು ಹುದ್ದೆ ಸಮೇತ ಇವೆ. ನಕ್ಷೆ ಬರೆದ ನಮ್ಮವರಿಗೆ ಅಲ್ಲಿ ಸಿಕ್ಕದ್ದು ‘ದೇಶೀ ನಕ್ಷೆಗಾರರು’ ಎಂಬ ಒಟ್ಟು ಹೆಸರು ಮಾತ್ರ. ಗೋಳಗುಮ್ಮಟದ ಮೂಲೆಮೂಲೆ ಅಳೆದವರ, ಕ್ಯಾಮೆರಾ ಹೊತ್ತವರ, ಕಾಗದ ತೊಳೆಯಲು ನೀರು ತಂದವರ ಹೆಸರುಗಳು ಅಲ್ಲಿಗೇ ಮುಗಿದವು. ಇದು ಅನ್ಯಾಯವೆಂದು ನೇರವಾಗಿಯೇ ಹೇಳಬೇಕು.

ಮನುಷ್ಯರು ಆ ಕಾಲದ ಚಿತ್ರಗಳಲ್ಲಿ ಬಂದದ್ದು ಎರಡು ಬಗೆಯಲ್ಲಿ. ಒಂದು, ಕಟ್ಟಡದ ಎತ್ತರ ತಿಳಿಯಲಿ ಎಂದು ಕಂಬದ ಬುಡದಲ್ಲಿ ನಿಲ್ಲಿಸಿದ ಆಳಾಗಿ. ಇನ್ನೊಂದು, ಜಾತಿಯ, ಕಸುಬಿನ ಮಾದರಿಯಾಗಿ. ಮುಂಬಯಿಯ ವಿಲಿಯಂ ಜಾನ್ಸನ್ 1863ರಿಂದ 1866ರ ನಡುವೆ ಹೊರತಂದ ಸಂಪುಟಗಳಲ್ಲಿ ಜನರನ್ನು ಒಂದೆಡೆ ನಿಲ್ಲಿಸಿ ತೆಗೆದು, ಅವರ ಚಿತ್ರವನ್ನು ಬೇರೆ ಕಡೆಯ ದೃಶ್ಯದ ಮೇಲೆ ಕೂಡಿಸಿ ಅಚ್ಚು ಹಾಕುತ್ತಿದ್ದರು. 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಬಂದ ‘ದಿ ಪೀಪಲ್ ಆಫ್ ಇಂಡಿಯಾ’ ಅದೇ ದೃಷ್ಟಿಯ ಸರ್ಕಾರಿ ರೂಪ. 1876–78ರ ಭೀಕರ ಬರದಲ್ಲಿ ಕಲಾದಗಿ ಜಿಲ್ಲೆಯೆಂದು ಕರೆಸಿಕೊಳ್ಳುತ್ತಿದ್ದ ಈ ಸೀಮೆ ತನ್ನ ಜನರಲ್ಲಿ ಐದನೇ ಒಂದು ಭಾಗಕ್ಕಿಂತ ಹೆಚ್ಚನ್ನು ಕಳೆದುಕೊಂಡಿತು. ಅದೇ ಬರವನ್ನು ಮದ್ರಾಸ್ ಪ್ರಾಂತದಲ್ಲಿ ಚಿತ್ರಿಸಿದ ವಿಲ್ಲೋಬಿ ಹೂಪರ್ ಹಸಿದವರನ್ನು ಗುಂಪಾಗಿ ಕೂರಿಸಿ, ಚೌಕಟ್ಟಿಗೆ ಹೊಂದುವಂತೆ ಜೋಡಿಸಿ ತೆಗೆದರು. ಆ ಚಿತ್ರಗಳು ಬರದ ಭೀಕರತೆಯನ್ನು ಲೋಕಕ್ಕೆ ತೋರಿಸಿದ್ದು ನಿಜ. ಎಲುಬು ಎಣಿಸುವಂತಾದ ಮೈಗಳನ್ನು ಚಂದವಾಗಿ ಹೊಂದಿಸಿ ಇಟ್ಟ ಕೈಯನ್ನು ಕ್ಷಮಿಸುವುದು ಇಂದಿಗೂ ಕಷ್ಟ. ಚಿತ್ರದ ಹೊಂದಾಣಿಕೆ ಚೆನ್ನಾಗಿದ್ದರೆ ಸಾಕೇ, ಎದುರಿಗೆ ಇರುವವರ ಮಾನಕ್ಕೂ ಅದರಲ್ಲಿ ಪಾಲು ಇರಬೇಕೇ ಎಂಬ ಪ್ರಶ್ನೆ ಛಾಯಾಚಿತ್ರ ಕಲೆಗೆ ಅಂದೇ ಅಂಟಿಕೊಂಡಿತು.

ಜಿಲ್ಲೆಯ ಮುಖ್ಯಸ್ಥಳ 1885ರಲ್ಲಿ ಕಲಾದಗಿಯಿಂದ ವಿಜಯಪುರಕ್ಕೆ ಬಂತು. ಅದಕ್ಕೆ ಒಂದು ವರ್ಷ ಮೊದಲು ಹೋಟಗಿ–ಗದಗ ಮೀಟರ್‌ಗೇಜ್ ರೈಲು ಓಡಾಡತೊಡಗಿತ್ತು. ಅಷ್ಟರಲ್ಲಿ ಛಾಯಾಚಿತ್ರದ ಯಂತ್ರವಿದ್ಯೆಯೂ ಬದಲಾಗಿತ್ತು: ಜೆಲಟಿನ್ ಲೇಪಿಸಿದ ಒಣ ಫಲಕಗಳು ಕಾರ್ಖಾನೆಯಿಂದಲೇ ಪೆಟ್ಟಿಗೆಯಲ್ಲಿ ಬರುತ್ತಿದ್ದವು, ನಿಮಿಷಗಳ ಕೆಲಸ ಕ್ಷಣಕ್ಕೆ ಇಳಿದಿತ್ತು. ಪುರಾತತ್ವ ಇಲಾಖೆಯ ಪಶ್ಚಿಮ ವಲಯದ ಹೆನ್ರಿ ಕಸೆನ್ಸ್ ಈ ಸೌಕರ್ಯಗಳನ್ನು ಚೆನ್ನಾಗಿ ಬಳಸಿಕೊಂಡರು. ಅವರ ವಿಜಯಪುರದ ಕೈಪಿಡಿ 1889ರಲ್ಲಿ ಬಂತು. ಜೀವಮಾನದ ಶ್ರಮದಂತಿರುವ ‘ಬಿಜಾಪುರ ಆ್ಯಂಡ್ ಇಟ್ಸ್ ಆರ್ಕಿಟೆಕ್ಚರಲ್ ರಿಮೇನ್ಸ್’ 1916ರಲ್ಲಿ, ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುವಿನ ಗ್ರಂಥ 1926ರಲ್ಲಿ ಪ್ರಕಟವಾದವು. ಕಸೆನ್ಸರ ಚಿತ್ರಗಳಲ್ಲಿ ಬಿಗ್ಸ್ ಅವರ ಕಾಗದದ ಮಾರ್ದವ ಇಲ್ಲ. ಪ್ರತಿ ಗೆರೆಯೂ ಖಚಿತ, ಪ್ರತಿ ನೆರಳೂ ಲೆಕ್ಕಕ್ಕೆ ಸಿಗುವಂಥದು. ಸಂಶೋಧಕನಿಗೆ ಇದು ವರ. ಕಣ್ಣಿಗೆ ಮಾತ್ರ ಬಿಗ್ಸ್ ಅವರ ಮಬ್ಬೇ ಹೆಚ್ಚು ಹಿತ.

ರೈಲು ಹೋದ ದಾರಿಯೇ ಛಾಯಾಚಿತ್ರದ ದಾರಿಯೂ ಆಯಿತು. ಹಳಿ ಇಂಡಿ ಊರೊಳಗೆ ಬರಲಿಲ್ಲ, ‘ಇಂಡಿ ರೋಡ್’ ಎಂಬ ನಿಲ್ದಾಣವಾಯಿತು. ಬಾಗೇವಾಡಿಗೂ ಸಿಕ್ಕದ್ದು ‘ಬಸವನ ಬಾಗೇವಾಡಿ ರೋಡ್’. ಸಿಂದಗಿ, ಮುದ್ದೇಬಿಹಾಳಗಳಿಗೆ ಹಳಿ ಮುಟ್ಟಲೇ ಇಲ್ಲ. ಈ ಸೀಮೆ 1956ರವರೆಗೆ ಮುಂಬಯಿ ರಾಜ್ಯದಲ್ಲಿದ್ದುದರಿಂದ ಫಲಕ, ಕಾಗದ, ರಸಾಯನ ಬರುತ್ತಿದ್ದದ್ದು ಮುಂಬಯಿ, ಪುಣೆ, ಸೊಲ್ಲಾಪುರದ ಕಡೆಯಿಂದ. ಕಸುಬು ಕಲಿಯಲು ಹೋಗುವ ದಿಕ್ಕೂ ಅದೇ. ಸರ್ಕಾರಿ ಕ್ಯಾಮೆರಾ ವಿಜಯಪುರದ ಗುಮ್ಮಟಗಳ ಕಡೆಗೇ ಹೆಚ್ಚಾಗಿ ತಿರುಗಿತ್ತು. ಕರಿನೆಲ, ಬಿಳಿಜೋಳ, ಭೀಮೆ, ಡೋಣಿ, ಕೃಷ್ಣೆಯ ದಡದ ಹಳ್ಳಿಗಳ ಮುಖ ಕಾಣಲು ಸ್ಟುಡಿಯೋ ಬರಬೇಕಾಯಿತು. ಇದೇ ಸೀಮೆಯಲ್ಲಿ, ಆಗ ಇಂಡಿ ತಾಲೂಕಿನಲ್ಲಿದ್ದ ಹಲಸಂಗಿಯ ಗೆಳೆಯರ ಗುಂಪು ಹಳ್ಳಿಯ ಹೆಣ್ಣುಮಕ್ಕಳ ಹಾಡುಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಸಂಕಲನ ಹೊರತಂದಿತು. ಅವರು ದನಿಗೆ ಮಾಡಿದ್ದನ್ನು ಸ್ಟುಡಿಯೋದವರು, ಅಷ್ಟು ತಿಳಿದು ಮಾಡದಿದ್ದರೂ, ಮುಖಕ್ಕೆ ಮಾಡಿದರು.

ತಾಲೂಕು ಊರಿನ ಸ್ಟುಡಿಯೋವನ್ನು ಕಲೆಯ ಇತಿಹಾಸ ಬರೆಯುವವರು ಹೆಚ್ಚಾಗಿ ಗಮನಿಸಿಲ್ಲ. ಅಲ್ಲಿ ನಡೆಯುತ್ತಿದ್ದ ಕೆಲಸದ ಸೂಕ್ಷ್ಮ ಬಲ್ಲವರು ಹಾಗೆ ಬಿಡಲಾರರು. ವಿದ್ಯುತ್ ಬರುವ ಮೊದಲು ಸ್ಟುಡಿಯೋದ ಜೀವಾಳ ಬೆಳಕು ಬೀಳುವ ಮಾಡು: ಒಂದು ಬದಿಯಲ್ಲಿ ಗಾಜು, ಅದರ ಕೆಳಗೆ ಬಿಳಿ ಅರಿವೆಯ ಪರದೆ. ಪರದೆ ಸರಿಸಿ, ಇಳಿಬಿಟ್ಟು ಮುಖದ ಒಂದು ಕೆನ್ನೆಗೆ ಬೆಳಕು, ಇನ್ನೊಂದಕ್ಕೆ ತುಸು ನೆರಳು ತರುತ್ತಿದ್ದರು. ಹಿಂದೆ ಬಣ್ಣದ ಪರದೆ. ಅದರ ಮೇಲೆ ಅರಮನೆಯ ಮೆಟ್ಟಿಲು, ಕಾರಂಜಿ, ಬಳ್ಳಿ ಹಬ್ಬಿದ ಕಂಬ. ಮುಂದೆ ಕುರ್ಚಿ, ಮೇಜಿನ ಮೇಲೆ ಹೂದಾನಿ, ಒಂದು ಪುಸ್ತಕ. ಹೊಲದಿಂದ ಬಂದ ರೈತ ಪಟಗ ಸುತ್ತಿಕೊಂಡು, ಒಗೆದ ದೋತರ ಉಟ್ಟು ಆ ಅರಮನೆಯ ಮುಂದೆ ಕುಳಿತಾಗ ಯಾರ ಆಳಾಗಿಯೂ ಯಾರ ಮಾದರಿಯಾಗಿಯೂ ಕೂಡುತ್ತಿರಲಿಲ್ಲ. ಹೇಗೆ ಕಾಣಬೇಕೆಂಬುದನ್ನು ಅವನೇ ಹೇಳುತ್ತಿದ್ದ. ಅದಕ್ಕೆ ದುಡ್ಡು ಕೊಡುತ್ತಿದ್ದವನೂ ಅವನೇ. ಕಂಬದ ಬುಡದಲ್ಲಿ ಎತ್ತರ ತೋರಿಸಲು ನಿಂತಿದ್ದ ಮನುಷ್ಯ ಚಿತ್ರದ ನಡುವಿಗೆ ಬಂದದ್ದು ಹೀಗೆ, ಒಂದು ಸಣ್ಣ ಅಂಗಡಿಯ ಒಳಗೆ.

ಹಳೆಯ ಫಲಕ ಮತ್ತು ಫಿಲ್ಮಿನ ಗುಣ ತಿಳಿಯದೆ ಆ ಚಿತ್ರಗಳನ್ನು ಓದಲು ಹೋದರೆ ಮೋಸ ಹೋಗುವ ಸಂಭವವಿದೆ. ಆ ಫಲಕಗಳಿಗೆ ಕೆಂಪು ಬೆಳಕು ಕಾಣುತ್ತಿರಲಿಲ್ಲ. ಇಳಕಲ್ಲ ಸೀರೆಯ ಕೆಂಪು ಸೆರಗು, ಹಣೆಯ ಕುಂಕುಮ, ಎಲೆಯಡಿಕೆ ಮೆದ್ದ ತುಟಿ ಎಲ್ಲವೂ ಚಿತ್ರದಲ್ಲಿ ಕಪ್ಪು. ಬಿಸಿಲಿಗೆ ಕಂದಿದ ಮೈಬಣ್ಣ ಇದ್ದುದಕ್ಕಿಂತ ಕಪ್ಪಾಗಿ ಬೀಳುತ್ತಿತ್ತು. ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮು ಬಳಕೆಗೆ ಬಂದ ಮೇಲೆ ಇದು ಸರಿಹೋಯಿತು. ಅಲ್ಲಿಯತನಕ ಅದನ್ನು ತಿದ್ದುತ್ತಿದ್ದದ್ದು ಕೈ. ನೆಗೆಟಿವ್‌ನ ಲೇಪದ ಮೇಲೆ ಚೂಪು ಪೆನ್ಸಿಲಿನಿಂದ ಚುಕ್ಕೆ ಇಡುತ್ತ ಹೋದರೆ ಆ ಜಾಗ ಅಚ್ಚಿನಲ್ಲಿ ತಿಳಿಯಾಗುತ್ತದೆ. ಕಣ್ಣ ಕೆಳಗಿನ ಕಪ್ಪು, ಮೈಲಿ ಕಲೆ, ಹಣೆಯ ಗೆರೆ ಹೀಗೆ ಹಗುರಾಗುತ್ತಿದ್ದವು. ಹೆಚ್ಚು ತಿದ್ದಿದರೆ ಮುಖ ಗೊಂಬೆಯದಾಗುತ್ತದೆ. ಎಲ್ಲಿ ನಿಲ್ಲಿಸಬೇಕೆಂದು ಬಲ್ಲವನೇ ಒಳ್ಳೆಯ ರೀಟಚ್‌ಗಾರ. ಅಚ್ಚಾದ ಕಪ್ಪು–ಬಿಳುಪಿನ ಚಿತ್ರಕ್ಕೆ ಪಾರದರ್ಶಕ ಬಣ್ಣ ಹಚ್ಚಿ ಸೆರಗಿಗೆ ಕೆಂಪು, ಬಂಗಾರಕ್ಕೆ ಹಳದಿ ಮರಳಿ ಕೊಡುವುದೂ ಅದೇ ಕೈಯ ಕೆಲಸ.

ಮನೆಯ ಪಡಸಾಲೆಯಲ್ಲಿ ತೂಗುಹಾಕಿದ ಹಿರಿಯರ ಚಿತ್ರ ಈ ಕಲೆಯ ಅತ್ಯಂತ ಕಷ್ಟದ ಬಗೆ. ಎಷ್ಟೋ ಸಲ ತೀರಿಕೊಂಡವರ ಪ್ರತ್ಯೇಕ ಚಿತ್ರ ಇರುತ್ತಿರಲಿಲ್ಲ. ಮದುವೆಯ ಗುಂಪುಚಿತ್ರದಲ್ಲಿ ಮೂರನೇ ಸಾಲಿನಲ್ಲಿ ನಿಂತವರ ಚಿಕ್ಕ ಮುಖವನ್ನು ಮತ್ತೆ ಕ್ಯಾಮೆರಾದಲ್ಲಿ ತೆಗೆದು, ಹಿಗ್ಗಿಸಿ, ಅಕ್ಕಪಕ್ಕದವರನ್ನು ಬಣ್ಣದಿಂದ ಮುಚ್ಚಿ, ಮಸುಕಾದ ಕಣ್ಣಿಗೆ ಕುಂಚದಿಂದ ಹೊಳಪು ಕೊಟ್ಟು, ತಲೆಗೆ ಹೊಸ ರುಮಾಲು ಬರೆದು ಕಟ್ಟು ಹಾಕಿಸಿ ಕೊಡಬೇಕಿತ್ತು. ಮನೆಯವರು ನೋಡಿ ‘ಹೌದು, ಇವರೇ’ ಎಂದರೆ ಮಾತ್ರ ಕೆಲಸ ಮುಗಿದಂತೆ. ಅದಕ್ಕಿಂತ ಕಠಿಣವಾದ ವಿಮರ್ಶೆ ಯಾವ ಪ್ರದರ್ಶನದ ತೀರ್ಪುಗಾರರೂ ಮಾಡಲಾರರು.

ಜಾತ್ರೆಗಳಲ್ಲಿ ಸ್ಟುಡಿಯೋವೇ ಡೇರೆಯಾಗಿ ಹೊರಡುತ್ತಿತ್ತು. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರೆ, ಶ್ರಾವಣದಲ್ಲಿ ಬಸವನ ಬಾಗೇವಾಡಿಯ ಜಾತ್ರೆಯಂಥ ಕೂಟಗಳು ಹಳ್ಳಿಯ ಜನ ಫೋಟೋ ತೆಗೆಸಿಕೊಳ್ಳುವ ಹೊತ್ತು. ಸ್ವಾತಂತ್ರ್ಯದ ನಂತರ ಬಡೋದೆಯಲ್ಲಿ ತಯಾರಾದ ಆಗ್ಫಾ ಕ್ಲಿಕ್ ಕ್ಯಾಮೆರಾ, 1960ರಲ್ಲಿ ಊಟಿಯಲ್ಲಿ ಸ್ಥಾಪನೆಯಾದ ಹಿಂದುಸ್ಥಾನ್ ಫೋಟೋ ಫಿಲ್ಮ್ಸ್‌ನ ‘ಇಂದು’ ಕಪ್ಪು–ಬಿಳುಪು ರೀಲು ಈ ಕಸುಬನ್ನು ಸಣ್ಣ ಊರಿಗೂ ಕೈಗೆಟುಕುವಂತೆ ಮಾಡಿದವು. ರೀಲಿಗೆ ಹನ್ನೆರಡೇ ಚಿತ್ರ. ಹಾಗಾಗಿ ಬಟನ್ ಒತ್ತುವ ಮೊದಲು ಯೋಚಿಸಲೇಬೇಕಿತ್ತು. ಎಂಬತ್ತರ ದಶಕದ ಮೇಲೆ ಕಲರ್ ಲ್ಯಾಬುಗಳು ಬಂದು ಕತ್ತಲೆ ಕೋಣೆಗಳು ಒಂದೊಂದೇ ಬಾಗಿಲು ಹಾಕಿದವು, ರೀಟಚ್ ಪೆನ್ಸಿಲು ಮೂಲೆ ಸೇರಿತು.

ಇತ್ತ ಬೆಂಗಳೂರು, ಮೈಸೂರುಗಳಲ್ಲಿ ಛಾಯಾಚಿತ್ರವನ್ನು ಕಲೆಯೆಂದೇ ಕರೆದು ಸಾಧನೆ ಮಾಡಿದವರ ಒಂದು ಪರಂಪರೆ ಬೆಳೆಯಿತು. ಸಿ. ರಾಜಗೋಪಾಲ್, ಜಿ. ಥಾಮಸ್, ಟಿ. ಎನ್. ಎ. ಪೆರುಮಾಳ್ ಅವರಂಥವರ ಚಿತ್ರಗಳು ದೇಶವಿದೇಶದ ಪ್ರದರ್ಶನಗಳಿಗೆ ಹೋದವು. 1971ರಲ್ಲಿ ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿತು. ಸೊಂಡೂರಿನ ಎಂ. ವೈ. ಘೋರ್ಪಡೆ ರಾಜಕಾರಣದ ನಡುವೆಯೂ ಕಾಡಿನ ಬೆಳಕನ್ನು ಕಪ್ಪು–ಬಿಳುಪಿನಲ್ಲಿ ಹಿಡಿದು 1983ರಲ್ಲಿ ‘ಸನ್‌ಲೈಟ್ ಆ್ಯಂಡ್ ಶ್ಯಾಡೋಸ್’ ಪುಸ್ತಕ ಕೊಟ್ಟರು. ಮೈಸೂರಿನ ಟಿ. ಎಸ್. ಸತ್ಯನ್ (1923–2009) ಸಾಮಾನ್ಯ ಜನರ ನಿತ್ಯದ ಬದುಕನ್ನು ಅವರ ಮಾನಕ್ಕೆ ಕುಂದು ಬಾರದಂತೆ ತೋರಿಸಿದರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಅವರ ಚಿತ್ರಗಳ ಪ್ರದರ್ಶನ ನಡೆಯಿತು. ಹೂಪರ್ ಅವರ ಬರದ ಚಿತ್ರಗಳು ಎತ್ತಿದ ಪ್ರಶ್ನೆಗೆ ಸತ್ಯನ್ ಅವರ ಒಂದೊಂದು ಚಿತ್ರವೂ ಉತ್ತರ.

ವಿಜಯಪುರದ ಕಲೆಗೂ ಇಂದಿನ ಛಾಯಾಚಿತ್ರ ಕಲೆಗೂ ನೇರ ಕೊಂಡಿ ಹಾಕಿದವರು ಬೆಂಗಳೂರಿನ ಪುಷ್ಪಮಾಲಾ ಎನ್. 1956ರಲ್ಲಿ ಹುಟ್ಟಿ, ಬಡೋದೆಯಲ್ಲಿ ಶಿಲ್ಪಕಲೆ ಕಲಿತು, ಶಿಲ್ಪಿಯಾಗಿ ರಾಷ್ಟ್ರಪ್ರಶಸ್ತಿ ಪಡೆದ ಅವರು ತೊಂಬತ್ತರ ದಶಕದಲ್ಲಿ ಕ್ಯಾಮೆರಾದ ಕಡೆಗೆ ಹೊರಳಿದರು. ಹೊರಳಿದ ರೀತಿ ವಿಶೇಷವಾದದ್ದು: ಕ್ಯಾಮೆರಾ ಹಿಡಿಯುವ ಬದಲು ವೇಷ ತೊಟ್ಟು ಅದರ ಮುಂದೆ ನಿಂತರು. ‘ಫ್ಯಾಂಟಮ್ ಲೇಡಿ ಅಥವಾ ಕಿಸ್ಮತ್’ (1996–98) ಮೊದಲಿನದು. ‘ನವರಸ’ ಮಾಲೆಗಾಗಿ ಮುಂಬಯಿಯ ಇಂಡಿಯಾ ಫೋಟೋ ಸ್ಟುಡಿಯೋದ ಹಿರಿಯ ಜೆ. ಎಚ್. ಠಕ್ಕರ್ ಅವರಿಂದಲೇ, ಹಳೆಯ ಸಿನಿಮಾ ತಾರೆಯರಿಗೆ ಹಾಕುತ್ತಿದ್ದ ಬೆಳಕಿನಲ್ಲೇ ಚಿತ್ರ ತೆಗೆಸಿಕೊಂಡರು. ಸ್ಟುಡಿಯೋ ಕಸುಬುದಾರನನ್ನು ಕಲಾವಿದನ ಸಮಕ್ಕೆ ನಿಲ್ಲಿಸಿದ ಆ ಕೆಲಸಕ್ಕೆ ತಾಲೂಕು ಊರುಗಳ ಛಾಯಾಗ್ರಾಹಕರೆಲ್ಲರೂ ಹೆಮ್ಮೆಪಡಬಹುದು.

ಅವರ ಅತಿ ಮುಖ್ಯ ಕೃತಿ, ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರ ಜತೆಗೂಡಿ 2000ದಿಂದ 2004ರವರೆಗೆ ಮಾಡಿದ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’. ದಕ್ಷಿಣ ಭಾರತದ ಹೆಣ್ಣನ್ನು ತೋರಿಸಿದ ಪ್ರಸಿದ್ಧ ಚಿತ್ರಗಳನ್ನು ಆಯ್ದು, ಅವುಗಳೊಳಗೆ ತಾವೇ ಹೊಕ್ಕು ಮತ್ತೆ ಕಟ್ಟಿದರು: ರವಿವರ್ಮನ ಲಕ್ಷ್ಮಿ, ಸಿನಿಮಾದ ಒಂದು ದೃಶ್ಯ, ಪತ್ರಿಕೆಯಲ್ಲಿ ಬಂದ ಕಳ್ಳಿಯರ ಚಿತ್ರ, ಅಳತೆಪಟ್ಟಿ ಹಿಡಿದು ತೆಗೆದ ವಸಾಹತು ಕಾಲದ ಬುಡಕಟ್ಟಿನ ಚಿತ್ರ. ಆ ಸಾಲಿನಲ್ಲೇ ಇದೆ ‘ಯೋಗಿನಿ’. ಅದರ ಮೂಲ, ಎರಡನೇ ಇಬ್ರಾಹಿಂ ಆದಿಲಶಾಹನ (ಆಳಿಕೆ 1580–1627) ಕಾಲದ ವಿಜಯಪುರದ ಕಿರುಚಿತ್ರ. ಇಂದು ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿರುವ ಆ ಚಿತ್ರದಲ್ಲಿ ಜಟೆ ಕಟ್ಟಿದ, ಬೂದಿ ಬಣ್ಣದ ಮೈಯ, ಒಡವೆ ತೊಟ್ಟ ಯೋಗಿನಿಯೊಬ್ಬಳು ಮೈನಾ ಹಕ್ಕಿಯ ಜತೆ ನಿಂತಿದ್ದಾಳೆ; ಅವಳ ಸುತ್ತ ಮನುಷ್ಯರಿಗಿಂತ ದೊಡ್ಡದಾದ ಹೂಗಿಡಗಳು, ದೂರದಲ್ಲಿ ಗುಡ್ಡದ ಮೇಲೆ ಅರಮನೆ. ಬರೆದವನ ಹೆಸರು ಗೊತ್ತಿಲ್ಲದೆ ಕಲಾ ಇತಿಹಾಸಕಾರರು ಅವನನ್ನು ಚಿತ್ರ ಇರುವ ಊರಿನ ಹೆಸರಿನಿಂದ ‘ಡಬ್ಲಿನ್ ಚಿತ್ರಕಾರ’ ಎನ್ನುತ್ತಾರೆ. ವಿಜಯಪುರದ ಕಲಾವಿದನಿಗೆ ಐರ್ಲೆಂಡಿನ ಊರಿನ ಹೆಸರು ಬಂದಿರುವುದು ಎಂಥ ವಿಪರ್ಯಾಸ!

ಪುಷ್ಪಮಾಲಾ ಆ ಕಿರುಚಿತ್ರವನ್ನು ಕಟ್ಟಿದ ಕ್ರಮದಲ್ಲಿ ಅವರ ಕಲೆಯ ಗುಟ್ಟಿದೆ. ಹಿನ್ನೆಲೆಯ ಪರದೆಯನ್ನು ಬರೆಸಬೇಕು. ಉಡುಗೆ, ಒಡವೆ, ಹಕ್ಕಿ, ಹೂಗಿಡ ಎಲ್ಲವನ್ನೂ ಹೊಂದಿಸಬೇಕು. ಆಳವೇ ಇಲ್ಲದ ಕಿರುಚಿತ್ರದ ಲೋಕವನ್ನು ಆಳವಿರುವ ಕೋಣೆಯಲ್ಲಿ, ನೆರಳು ಬೀಳದಂತೆ ಬೆಳಕಿಟ್ಟು ತೋರಿಸಬೇಕು. ಎಷ್ಟೇ ಹೊಂದಿಸಿದರೂ ಎದುರಿಗಿರುವುದು ಉಸಿರಾಡುವ ಹೆಣ್ಣು. ಮೂಲಕ್ಕೂ ಮರುಸೃಷ್ಟಿಗೂ ನಡುವೆ ಉಳಿಯುವ ಆ ಸಣ್ಣ ಬಿರುಕನ್ನು ಅವರು ಮುಚ್ಚುವುದಿಲ್ಲ. ನೋಡುಗ ಯೋಚಿಸತೊಡಗುವುದು ಅಲ್ಲಿಂದಲೇ. ಮಾಲೆಯ ಒಂದು ಭಾಗದಲ್ಲಿ ಪರದೆ ಕಟ್ಟುವವರು, ಬೆಳಕು ಹಿಡಿಯುವವರು, ಸಿದ್ಧತೆಯ ಗಡಿಬಿಡಿ ಎಲ್ಲವೂ ಚಿತ್ರವಾಗಿವೆ. ಚಿತ್ರದ ಹಿಂದೆ ದುಡಿದ ಕೈಗಳನ್ನು ಹೀಗೆ ಚಿತ್ರದೊಳಗೇ ತಂದಿರುವುದು, ಕೃತಿಯ ಮೇಲೆ ಇಬ್ಬರ ಹೆಸರೂ ಇರುವುದು, 1866ರ ಆ ಮುಖಪುಟವನ್ನು ನೋಡಿದವರಿಗೆ ಸಣ್ಣ ಸಂಗತಿಯಾಗಿ ಕಾಣದು. ವಸಾಹತು ಕಾಲದ ಕ್ಯಾಮೆರಾ ಹೆಸರಿಲ್ಲದ ಮಾದರಿಯಾಗಿ ನಿಲ್ಲಿಸಿದ್ದ ಹೆಣ್ಣು ಇಲ್ಲಿ ತಾನೇ ಕೃತಿಯ ಕರ್ತೃ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ತಾಲೂಕುಗಳ ಸ್ಟುಡಿಯೋ ಪರಂಪರೆಗೆ ಇಂಥ ಮನ್ನಣೆ ಇನ್ನೂ ಸಿಕ್ಕಿಲ್ಲ. ಅದರ ಬೆಲೆ ತಿಳಿಯಬೇಕಾದರೆ ಕೃಷ್ಣೆಯ ದಡಕ್ಕೆ ಹೋಗಬೇಕು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅವರು ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟೆಯ ಹಿನ್ನೀರಿನಲ್ಲಿ ದಡದ ಅನೇಕ ಹಳ್ಳಿಗಳು ಮುಳುಗಿದವು. ಹೊಸ ಊರಿಗೆ ಬಂಡಿಯಲ್ಲಿ ಸಾಮಾನು ಸಾಗಿಸಿದವರಿಗೆ ಹಳೆಯ ಮನೆಯ ತೊಲೆಬಾಗಿಲು, ಗುಡಿಯ ಕಟ್ಟೆ, ಅಗಸೆಯ ಗುರುತು ಉಳಿದಿರುವುದು ಮದುವೆಯ, ಜಾತ್ರೆಯ ಫೋಟೋಗಳ ಹಿನ್ನೆಲೆಯಲ್ಲಿ ಮಾತ್ರ. ಗುಮ್ಮಟಗಳ ಚಿತ್ರಗಳನ್ನು ಲಂಡನ್ ಕಾಪಾಡಿತು. ಈ ಹಳ್ಳಿಗಳದ್ದನ್ನು ಕಾಪಾಡಬೇಕಾದವರು ಇಲ್ಲಿಯವರೇ.

ಈ ಹಳ್ಳಿಗಳ ಚಿತ್ರಗಳ ನೆಗೆಟಿವ್‌ಗಳು ಈಗ ಮುಚ್ಚಿದ ಸ್ಟುಡಿಯೋಗಳ ಅಟ್ಟದಲ್ಲಿ, ತಗಡಿನ ಡಬ್ಬಿಗಳಲ್ಲಿ ಇವೆ. ಹಳೆಯ ಅಸಿಟೇಟ್ ಫಿಲ್ಮು ಬಿಸಿಗೆ ಹುಳಿಯ ವಾಸನೆ ಬಿಟ್ಟು, ಸುಕ್ಕುಗಟ್ಟಿ, ಲೇಪ ಕಳಚಿಕೊಳ್ಳುತ್ತದೆ. ಒಂದು ಹಾಳಾದರೆ ಅದರ ಆವಿ ಪಕ್ಕದ್ದನ್ನೂ ಕೆಡಿಸುತ್ತದೆ. ತಗಡಿನ ಮಾಡಿನ ಕೆಳಗಿನ ಬೇಸಗೆ ಅವುಗಳಿಗೆ ಮೃತ್ಯು. ಅವನ್ನು ಕೆಳಗಿಳಿಸಿ, ತಂಪಾದ, ತೇವವಿಲ್ಲದ ಕೋಣೆಯಲ್ಲಿ ಒಂದೊಂದನ್ನೂ ಬೇರೆ ಬೇರೆ ಕಾಗದದ ಲಕೋಟೆಯಲ್ಲಿ ಇಡುವುದು ಕಷ್ಟದ ಕೆಲಸವಲ್ಲ. ತಾಲೂಕಿನ ಕಾಲೇಜುಗಳು, ಗ್ರಂಥಾಲಯಗಳು ಮನಸ್ಸು ಮಾಡಿದರೆ ಸ್ಕ್ಯಾನ್ ಮಾಡಿಸಿ ಉಳಿಸುವುದೂ ಸಾಧ್ಯ. ಮನೆಯಲ್ಲಿ ಹಳೆಯ ಚಿತ್ರ ಇಟ್ಟುಕೊಂಡಿರುವವರು ಕಟ್ಟು ಬಿಚ್ಚಿದಾಗ ಅದರ ಹಿಂಬದಿಗೆ ಮೆತ್ತನೆಯ ಪೆನ್ಸಿಲಿನಿಂದ, ಶಾಯಿ ಬಳಸದೆ, ಚಿತ್ರದಲ್ಲಿರುವವರ ಹೆಸರು, ಊರು, ತೆಗೆದ ವರ್ಷ, ಗೊತ್ತಿದ್ದರೆ ತೆಗೆದವರ ಹೆಸರು ಬರೆದಿಡಬೇಕು. ಗುರುತಿಸಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆದುಕೊಳ್ಳಬೇಕು.